ಜಿಎಫ್‌ಎಕ್ಸ್ ಮೇಲೆ ಮೂರು ಶಿಫ್ಟ್ ಲೆನ್ಸ್, ಎರಡು ಅಡಾಪ್ಟರ್

ಜಿಎಫ್‌ಎಕ್ಸ್ ಅಂದರೆ ಫುಜಿಯ ದೊಡ್ಡ ಸೆನ್ಸರ್ ಕ್ಯಾಮೆರಾ. ಅದಕ್ಕೆ ಫುಜಿಯವರದ್ದೇ ಟಿಲ್ಟ್-ಶಿಫ್ಟ್ ಲೆನ್ಸ್‌ಗಳು 2023ರಲ್ಲಿ ಬಂದವು, 30 ಮತ್ತು 110 ಮಿ.ಮೀ. ಶಿಫ್ಟ್ ಅಂದರೆ ಲೆನ್ಸ್ ಮೇಲೆ-ಕೆಳಗೆ ಅಥವಾ ಪಕ್ಕಕ್ಕೆ ಸರಿಯುವುದು, ಟಿಲ್ಟ್ ಅಂದರೆ ಓರೆಯಾಗುವುದು. ಆದರೆ ಇಕ್ಕಟ್ಟಾದ ಕೋಣೆ, ಎದುರಿಗೇ ನಿಂತ ಎತ್ತರದ ಕಟ್ಟಡ ಅಂದರೆ ನನಗೆ 30ರ ಅಗಲ ಸಾಲುವುದಿಲ್ಲ (ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ). ಅದಕ್ಕೇ ಬೇರೆ ಕಂಪನಿಯ ಮೂರು ಲೆನ್ಸ್‌ಗಳನ್ನು ಜಿಎಫ್‌ಎಕ್ಸ್‌ಗೆ ಹಾಕಿ ನೋಡಿದೆ: ಕ್ಯಾನನ್ ಟಿಎಸ್-ಇ 24ರ ಎರಡನೇ ಆವೃತ್ತಿ, ಕ್ಯಾನನ್ ಟಿಎಸ್-ಇ 17, ಲಾವೋವಾ 15 ಶಿಫ್ಟ್.

ಮೊದಲು ಲೆಕ್ಕ. ಜಿಎಫ್‌ಎಕ್ಸ್ ಸೆನ್ಸರ್ 43.8 × 32.9 ಮಿ.ಮೀ., ಮೂಲೆಯಿಂದ ಮೂಲೆಗೆ ಸುಮಾರು 55. ಎರಡೂ ಕ್ಯಾನನ್‌ಗಳ ಇಮೇಜ್ ಸರ್ಕಲ್, ಅಂದರೆ ಲೆನ್ಸ್ ಒಳಗೆ ಬೀಳಿಸುವ ದುಂಡನೆಯ ಚಿತ್ರದ ಅಗಲ, 67.2. ಸೆನ್ಸರ್ ಕೂತ ಮೇಲೆ ಉಳಿಯುವ ಜಾಗದಲ್ಲೇ ಶಿಫ್ಟ್ ನಡೆಯಬೇಕು. ಕ್ಯಾಮೆರಾ ಅಡ್ಡ ಇದ್ದರೆ ಮೇಲಕ್ಕೆ 9 ಮಿ.ಮೀ. ಸಿಗುತ್ತದೆ, ನಿಲ್ಲಿಸಿ ಹಿಡಿದರೆ 7.4 ಅಷ್ಟೇ. ಲೆನ್ಸ್‌ನ ಶಿಫ್ಟ್ ಗುಂಡಿ ಮಾತ್ರ 12ರವರೆಗೂ ಸಲೀಸಾಗಿ ತಿರುಗುತ್ತದೆ! ಫುಲ್ ಫ್ರೇಮ್‌ನಲ್ಲಿ (36 × 24 ಮಿ.ಮೀ.ನ ಚಿಕ್ಕ ಸೆನ್ಸರ್) 12 ಪೂರ್ತಿ ಬಳಸಬಹುದು, ಇಲ್ಲಿ ಮೂಲೆ ಕಪ್ಪಾಗುತ್ತದೆ. ಅಷ್ಟು ಬೇಕೇ ಬೇಕು ಅಂದರೆ ಕ್ಯಾಮೆರಾದಲ್ಲಿ 35 ಮಿ.ಮೀ. ಮೋಡ್ ಇದೆ, ಸೆನ್ಸರ್‌ನ ನಡುವಿನ ಫುಲ್ ಫ್ರೇಮ್ ಅಳತೆಯ ಭಾಗವನ್ನಷ್ಟೇ ಬಳಸುತ್ತದೆ. 100 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆಗಲೂ ಸುಮಾರು 60 ಉಳಿಯುತ್ತದೆ, ಕಡಿಮೆ ಏನಲ್ಲ.

ಮೂರರಲ್ಲಿ ನನ್ನ ಮನಸ್ಸು ಗೆದ್ದದ್ದು 24. ಇಲ್ಲಿ ಅದರ ನೋಟ ಫುಲ್ ಫ್ರೇಮ್‌ನ 19 ಇದ್ದ ಹಾಗೆ. ಕಟ್ಟಡಕ್ಕೆ ಸಾಕಷ್ಟು ಅಗಲ, ಆದರೂ ಅಂಚಿನ ವಸ್ತುಗಳು ಜಾಸ್ತಿ ಎಳೆದಂತೆ ಕಾಣುವುದಿಲ್ಲ. 17 ಹಾಕಿದರೆ ನೋಟ 13ರ ಹತ್ತಿರ ಹೋಗುತ್ತದೆ. ಕಟ್ಟಡದೊಳಗಿನ ಮೆಟ್ಟಿಲ ಜಾಗದಂಥ ಇಕ್ಕಟ್ಟಿನಲ್ಲಿ ಅದಕ್ಕೆ ಸಾಟಿಯಿಲ್ಲ. ಮುಂದಿನ ಗಾಜು ಉಬ್ಬಿಕೊಂಡಿರುವುದರಿಂದ ಫಿಲ್ಟರ್ ತಿರುಗಿಸಿ ಹಾಕುವ ಹಾಗಿಲ್ಲ, ಚೀಲದಿಂದ ತೆಗೆಯುವಾಗಲೂ ಕೈ ಹುಷಾರಾಗಿರಬೇಕು.

ಲಾವೋವಾ 15ರಲ್ಲಿ ಟಿಲ್ಟ್ ಇಲ್ಲ, ಬರೀ ಶಿಫ್ಟ್. ಜಿಎಫ್‌ಎಕ್ಸ್‌ನಲ್ಲಿ 8 ಮಿ.ಮೀ.ವರೆಗೆ. ಅಪರ್ಚರ್ (ಬೆಳಕು ಒಳಬರುವ ಕಂಡಿ) ಕೈಯಿಂದಲೇ ತಿರುಗಿಸಬೇಕು. ಆದರೆ ಇದು ಜಿಎಫ್‌ಎಕ್ಸ್ ಮೌಂಟ್‌ನಲ್ಲೇ ಸಿಗುತ್ತದೆ, ಕ್ಯಾನನ್‌ಗಳ ಹಾಗೆ ನಡುವೆ ಅಡಾಪ್ಟರ್ ಬಳೆ ಬೇಡ. ಇದು ಎಷ್ಟು ದೊಡ್ಡ ಲಾಭ ಅಂತ ನನಗೆ ಆಮೇಲೆ ಗೊತ್ತಾಯಿತು.

24 ಹಾಕಿ ತೆಗೆದ ಮೊದಲ ಚಿತ್ರಗಳಲ್ಲಿ ಎಡಭಾಗ ಮೆತ್ತಗಿತ್ತು, ಸ್ಪಷ್ಟವಾಗಿರಲಿಲ್ಲ. ಟಿಲ್ಟ್ ಸೊನ್ನೆ, ಶಿಫ್ಟ್ ಸೊನ್ನೆ, ಅಪರ್ಚರ್ ಎಫ್8. ಲೆನ್ಸೇ ಕೆಟ್ಟಿದೆ ಅಂದುಕೊಂಡೆ, ಬೇಜಾರೂ ಆಯಿತು. ಟಿಎಸ್-ಇ ಲೆನ್ಸ್‌ಗಳನ್ನು ಮೌಂಟ್ ಮೇಲೆ ಸುತ್ತಿಸಬಹುದು ಅಲ್ವಾ? ದೂರದ ಚಪ್ಪಟೆ ಗೋಡೆಗೆ ಕ್ಯಾಮೆರಾ ನೇರ ಹಿಡಿದು ಒಂದು ಚಿತ್ರ ತೆಗೆದೆ. ಲೆನ್ಸ್ ಅನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ತೆಗೆದೆ. ದೋಷ ಲೆನ್ಸ್‌ನದ್ದಾಗಿದ್ದರೆ ಬಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ, ಎಡದಲ್ಲೇ ಉಳಿಯಿತು. ಹಾಗಾದರೆ ಕ್ಯಾಮೆರಾದ್ದಾ? ಅಡಾಪ್ಟರ್ ಇಲ್ಲದ ಲಾವೋವಾ ಹಾಕಿದೆ. ಎರಡೂ ಬದಿ ಸ್ಪಷ್ಟ. ಉಳಿದದ್ದು ಅಡಾಪ್ಟರ್ ಒಂದೇ.

ಕ್ಯಾನನ್ ಮೌಂಟ್‌ಗೆ ಸೆನ್ಸರ್‌ನಿಂದ 44 ಮಿ.ಮೀ. ದೂರ ಬೇಕು. ಜಿಎಫ್‌ಎಕ್ಸ್‌ನದ್ದು 26.7. ನಡುವಿನ 17.3 ಮಿ.ಮೀ. ತುಂಬುವುದೇ ಅಡಾಪ್ಟರ್ ಕೆಲಸ. ಅದರ ಎರಡು ಮುಖ ಸಮಾನಾಂತರ ಇಲ್ಲದಿದ್ದರೆ, ನಾವು ಕೇಳದ ಟಿಲ್ಟ್ ಒಂದು ಸುಮ್ನೆ ಸೇರಿಕೊಳ್ಳುತ್ತದೆ. 54 ಮಿ.ಮೀ. ಅಗಲದ ಮೌಂಟ್‌ನಲ್ಲಿ ಒಂದು ಬದಿ 0.1 ಮಿ.ಮೀ. ದಪ್ಪ ಇದ್ದರೂ ಸುಮಾರು 0.1 ಡಿಗ್ರಿ ಓರೆ. ಕೇಳೋಕೆ ಏನೂ ಅಲ್ಲ. ಆದರೆ 24ರ ಲೆನ್ಸ್‌ನಲ್ಲಿ ಅಷ್ಟು ಓರೆ ಸಾಕು, ಫೋಕಸ್ ಸಮತಲವು (ಚಿತ್ರ ಸ್ಪಷ್ಟವಾಗಿ ಕಾಣುವ ಮಟ್ಟ) ಕ್ಯಾಮೆರಾದಿಂದ ಪಕ್ಕಕ್ಕೆ ಸುಮಾರು 13 ಮೀಟರ್ ದೂರದ ಒಂದು ಗೆರೆಯ ಸುತ್ತ ಬಾಗಿಲಿನ ಹಾಗೆ ತಿರುಗಿಕೊಳ್ಳುತ್ತದೆ. ಗೋಡೆಯ ಒಂದು ಬದಿ ಮೆತ್ತಗಾಗದೆ ಇನ್ನೇನು?

ಆ ಮೊದಲ ಅಡಾಪ್ಟರ್‌ನಲ್ಲಿ ಎಲೆಕ್ಟ್ರಾನಿಕ್ ಸಂಪರ್ಕವೂ ಇರಲಿಲ್ಲ. ಅಪರ್ಚರ್ ಬದಲಿಸಬೇಕಾದರೆ ಲೆನ್ಸ್ ಅನ್ನು ಕ್ಯಾನನ್ ಕ್ಯಾಮೆರಾಗೆ ಹಾಕಿ, ಪ್ರಿವ್ಯೂ ಬಟನ್ ಒತ್ತಿ ಹಿಡಿದೇ ಕಳಚಬೇಕು. ಪ್ರತಿ ಸಲ ಇದನ್ನು ಮಾಡುತ್ತಾ ಬೆಳಕು ಹೋಗಿಬಿಡುತ್ತದೆ. ಎರಡನೆಯದು ಸಂಪರ್ಕ ಇರುವಂಥದ್ದು. ಅದೇ ಗೋಡೆ, ಅದೇ ಪರೀಕ್ಷೆ, ಈ ಸಲ ಎರಡೂ ಅಂಚು ಒಂದೇ ಥರ. ಅಪರ್ಚರ್ ಕ್ಯಾಮೆರಾದಿಂದಲೇ ಬದಲಾಗುತ್ತದೆ.

ಟಿಲ್ಟ್ ಬೇಡ, ಅಗಲ ಮಾತ್ರ ಬೇಕು ಅನ್ನುವವರು ಲಾವೋವಾ ತಗೊಳ್ಳಿ. ಟಿಲ್ಟ್ ಬೇಕಾದವರಿಗೆ 24 ಮತ್ತು ಒಳ್ಳೆಯ ಅಡಾಪ್ಟರ್. ನನ್ನ 24ರ ಶಿಫ್ಟ್ ಅಳತೆಪಟ್ಟಿಯ ಮೇಲೆ ಈಗ 7 ಮತ್ತು 9ರ ಹತ್ತಿರ ಬಿಳಿ ಬಣ್ಣದ ಎರಡು ಚುಕ್ಕೆ ಇವೆ. ಕತ್ತಲ ಕೋಣೆಯಲ್ಲೂ ಕಾಣುತ್ತವೆ.