ಅವರ್ ವರ್ಲ್ಡ್ ಇನ್ ಡೇಟಾ: ಬಿಟ್ಟಿ ಸಿಗುವ ಒಳ್ಳೆ ಸಲಕರಣೆ, ಬಳಸುವಾಗ ಜಾಗ್ರತೆ

ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ತುಮಕೂರು ಕಡೆಯ ಯಾವ ವಿದ್ಯಾರ್ಥಿ ಪರಿಸರದ ಪ್ರಾಜೆಕ್ಟ್ ಬರೆದರೂ ಮೊದಲ ಪುಟಕ್ಕೆ ಈ ಅಂಕಿ ಸಾಕು. ‘ಹಾಗಾದರೆ ಬೇರೆ ದೇಶಗಳ ಮುಂದೆ ನಾವೆಲ್ಲಿ?’ ಎಂಬ ಎರಡನೇ ಪುಟಕ್ಕೆ ಸದ್ಯ ದೇಶ-ದೇಶಗಳ ಅಂಕಿಗಳನ್ನು ಚಾರ್ಟ್ ಮಾಡಿ ಕೊಡುವ ಈ ಜಾಲತಾಣದಷ್ಟು (ಅವರ್ ವರ್ಲ್ಡ್ ಇನ್ ಡೇಟಾ) ಅನುಕೂಲದ್ದು ಇನ್ನೊಂದಿಲ್ಲ. ದುಡ್ಡು ಬೇಡ, ಲಾಗಿನ್ ಬೇಡ. ಹೊಗೆಯ (ಇಂಗಾಲದ ಡೈಆಕ್ಸೈಡ್) ಲೆಕ್ಕ ಸಂಶೋಧಕರ ಜಾಲವಾದ ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್‌ನದು. ವಿದ್ಯುತ್ತಿನದು ಮುಖ್ಯವಾಗಿ ಇಂಧನದ ಅಂಕಿ ಕಲೆಹಾಕುವ ಸಂಸ್ಥೆಗಳಾದ ಎಂಬರ್ ಮತ್ತು ಎನರ್ಜಿ ಇನ್‌ಸ್ಟಿಟ್ಯೂಟ್‌ಗಳದು.

ಎಡವುವುದು ಯಾವ ಚಾರ್ಟ್ ತೆರೆಯಬೇಕು ಎಂಬಲ್ಲಿ. ಸ್ಥಾಪಿತ ಸಾಮರ್ಥ್ಯದ (ಸ್ಥಾವರ ಪೂರ್ತಿ ದುಡಿದರೆ ಕೊಡಬಲ್ಲಷ್ಟು) ಚಾರ್ಟ್ ನೋಡಿ ದೇಶಗಳನ್ನು ಹೋಲಿಸಬೇಡಿ. 2,050 ಮೆಗಾವ್ಯಾಟ್ ಸೋಲಾರ್ ವರ್ಷದ ಗಂಟೆಗಳ ಶೇ 20ರಷ್ಟು ಪೂರ್ತಿ ದುಡಿಯಿತು ಎಂದಿಟ್ಟುಕೊಂಡರೆ ಸಿಗುವುದು 359 ಕೋಟಿ ಯೂನಿಟ್. ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರ ಶೇ 70ರಲ್ಲಿ ಓಡಿದರೆ ಸುಮಾರು 1,257 ಕೋಟಿ. ಭಾರತದ ಸ್ಥಾಪಿತ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ (ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಉಳಿದ) ಪಾಲು 2025ರ ಜೂನ್‌ನಲ್ಲಿ ಅರ್ಧ ಮುಟ್ಟಿದರೂ ಉತ್ಪಾದನೆಯಲ್ಲಿ ಅದು ಕಾಲು ಭಾಗದ ಆಸುಪಾಸಿನಲ್ಲೇ ಇರುವುದು ಇದೇ ಕಾರಣಕ್ಕೆ. ತೆರೆಯಬೇಕಾದದ್ದು ‘ಶೇರ್ ಆಫ್ ಎಲೆಕ್ಟ್ರಿಸಿಟಿ ಫ್ರಮ್ ರಿನ್ಯೂಯಬಲ್ಸ್’. ಫ್ರಾನ್ಸ್ ಸೇರಿಸುವುದಿದ್ದರೆ ‘ಲೋ-ಕಾರ್ಬನ್’ ಚಾರ್ಟ್ ಕೂಡ ಬೇಕು, ಇಲ್ಲದಿದ್ದರೆ ಅಲ್ಲಿನ ಅಣುವಿದ್ಯುತ್ ಪೂರ್ತಿ ಮಾಯ.

ವಿದ್ಯುತ್ತೇ ಇಡೀ ಇಂಧನವಲ್ಲ ಎಂಬುದೂ ನೆನಪಿರಲಿ. ನಾರ್ವೆಯ ವಿದ್ಯುತ್ ಬಹುತೇಕ ಜಲವಿದ್ಯುತ್, ಚಾರ್ಟ್‌ನಲ್ಲಿ ಹಾಲಿನಷ್ಟು ಶುದ್ಧ. ಅದು ಮಾರುವ ತೈಲ, ಅನಿಲದ ಹೊಗೆ ಮಾತ್ರ ಸುಡುವ ದೇಶದ ಖಾತೆಗೆ.

ಹೊಗೆಗೆ ಮೂರು ಚಾರ್ಟ್ ಅಕ್ಕಪಕ್ಕ ಇಡಿ: ಒಟ್ಟು, ತಲಾವಾರು, ಬಳಕೆ ಆಧಾರಿತ. ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕದ ನಂತರ ಭಾರತ. ತಲಾವಾರು ನೋಡಿದರೆ ನಮ್ಮದು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದ್ದು 14ರ ಆಸುಪಾಸು. ಮೂರನೆಯದನ್ನು ಹೆಚ್ಚಿನವರು ತೆರೆಯುವುದೇ ಇಲ್ಲ. ಸಾಮಾನು ಬಳಸಿದವರು ಒಬ್ಬರು, ಹೊಗೆಯ ಲೆಕ್ಕ ಕಾರ್ಖಾನೆ ಇರುವ ಚೀನಾದ ಮೇಲೆ ಎಂಬ ‘ಎತ್ತಿಗೆ ಜ್ವರ, ಎಮ್ಮೆಗೆ ಬರೆ’ ತಪ್ಪುವುದು ಅದರಲ್ಲೇ.

ಸಿಎಸ್‌ವಿ (ಅಂಕಿಗಳ ಕೋಷ್ಟಕದ ಕಡತ) ಇಳಿಸಿಕೊಂಡ ಮೇಲೆ ಕಾಲಂನ ಮೊತ್ತ ಹಾಕುವ ಮುನ್ನ ತಡೆಯಿರಿ. ದೇಶಗಳ ನಡುವೆಯೇ ‘ವರ್ಲ್ಡ್’, ‘ಏಷ್ಯಾ’, ‘ಹೈ-ಇನ್‌ಕಮ್ ಕಂಟ್ರೀಸ್’ ಸಾಲುಗಳೂ ಇರುತ್ತವೆ. ‘ಕೋಡ್’ ಕಾಲಂ ಖಾಲಿ ಇರುವ ಸಾಲುಗಳನ್ನೂ ‘ವರ್ಲ್ಡ್’ ಸಾಲನ್ನೂ ಅಳಿಸದಿದ್ದರೆ ಒಂದೇ ಹೊಗೆ ಎರಡು-ಮೂರು ಸಲ ಸೇರುತ್ತದೆ. ಇನ್ನು ನಮ್ಮ ಸರ್ಕಾರದ ಅಂಕಿ ಏಪ್ರಿಲ್‌ನಿಂದ ಮಾರ್ಚ್‌ಗೆ, ಇಲ್ಲಿನದು ಜನವರಿಯಿಂದ ಡಿಸೆಂಬರ್‌ಗೆ. ತಾಳೆಯಾಗದಿದ್ದರೆ ಗಾಬರಿ ಬೇಡ. 25 ಮೆಗಾವ್ಯಾಟ್ ಮೀರಿದ ಜಲವಿದ್ಯುತ್ತನ್ನು ಭಾರತ 2019ರಲ್ಲಷ್ಟೇ ನವೀಕರಿಸಬಹುದಾದ ಪಟ್ಟಿಗೆ ಸೇರಿಸಿತು. ಅದಕ್ಕೂ ಹಿಂದಿನ ಸರ್ಕಾರಿ ವರದಿ ಪಕ್ಕಕ್ಕಿಟ್ಟರೆ ಶರಾವತಿಯಂಥವು ಈ ತಾಣದ ಲೆಕ್ಕದಲ್ಲಿ ಇರುತ್ತವೆ, ಆ ವರದಿಯ ಲೆಕ್ಕದಲ್ಲಿ ಇರುವುದಿಲ್ಲ.

ಕೊರತೆಗಳೂ ಇವೆ. ಕನ್ನಡವಿಲ್ಲ. ಮೊಬೈಲ್‌ನಲ್ಲಿ ದೇಶಗಳು ಹೆಚ್ಚಾದರೆ ಚಾರ್ಟ್ ಓದುವುದು ಕಷ್ಟ, ನಾಲ್ಕೇ ಸಾಕು. ಇದೆಲ್ಲ ದೇಶ ಮಟ್ಟದ ಹೋಲಿಕೆ; ರಾಜಸ್ಥಾನ, ಗುಜರಾತಿನ ಪಕ್ಕ ಕರ್ನಾಟಕವನ್ನು ನಿಲ್ಲಿಸಬೇಕೆಂದರೆ ಕೇಂದ್ರದ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ರಾಜ್ಯವಾರು ಮಾಸಿಕ ಪಟ್ಟಿಯಂಥ ಬೇರೆ ಮೂಲಕ್ಕೆ ಹೋಗಬೇಕು, ಆದರೆ ಆ ಪಟ್ಟಿಯಲ್ಲಿ ಸಿಗುವುದು ಮತ್ತೆ ಸ್ಥಾಪಿತ ಸಾಮರ್ಥ್ಯದ ಮೆಗಾವ್ಯಾಟೇ. ಈ ತಾಣಕ್ಕೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ.