ಅಲಿಗೇಟರ್ ಕರಿಯೋದಕ್ಕೆ ಬಟರ್‌ಮಿಲ್ಕ್ ಮೇಲೋ, ಸಾಸಿವೆ ಮೇಲೋ?

ಅಮೆರಿಕದ ಲೂಯಿಸಿಯಾನಾ ರಾಜ್ಯದ ಮನೆಗಳಲ್ಲಿ ಅಲಿಗೇಟರ್ (ಮೊಸಳೆಯ ಹತ್ತಿರದ ಸಂಬಂಧಿ) ಕರಿಯುವುದಕ್ಕೆ ಹೆಚ್ಚಾಗಿ ಎರಡು ದಾರಿ ಕಾಣುತ್ತವೆ. ಒಂದು, ಮಾಂಸವನ್ನು ಬಟರ್‌ಮಿಲ್ಕಿನಲ್ಲಿ ನೆನೆಸಿ ಮೈದಾದಲ್ಲಿ ಹೊರಳಿಸಿ ಕರಿಯುವುದು. ಇನ್ನೊಂದು, ಹಳದಿ ಸಾಸಿವೆ ಪೇಸ್ಟ್ ಸವರಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸುವುದು. ಬ್ಯಾಟನ್ ರೂಜ್‌ನ ನಮ್ಮ ಮನೆಯಲ್ಲಿ ಒಂದೇ ಪ್ಯಾಕೆಟ್ ಮಾಂಸವನ್ನು ಎರಡು ಪಾಲು ಮಾಡಿ, ಒಂದೇ ಎಣ್ಣೆಯಲ್ಲಿ ಎರಡನ್ನೂ ಕರಿದು ನೋಡಿದ್ದೇನೆ.

ಅದಕ್ಕೂ ಮೊದಲು ಮಾಂಸದ ಮಾತು, ಯಾಕೆಂದರೆ ಅರ್ಧ ರುಚಿ ಅಲ್ಲೇ ತೀರ್ಮಾನವಾಗುತ್ತದೆ. ಬಾಲದ ಮಾಂಸ ಬೆಳ್ಳಗೆ, ಮೃದು, ಕೋಳಿಗೂ ಮೀನಿಗೂ ನಡುವಿನ ರುಚಿ. ಕಾಲಿನದು ಕಪ್ಪಗೆ, ನಾರುನಾರು. ಬಾಲದ್ದೇ ಬೇಕೆಂದು ಕೇಳಿ ತನ್ನಿ, ಬೆಲೆ ಜಾಸ್ತಿಯಾದರೂ ಪರವಾಗಿಲ್ಲ. ಕೊಬ್ಬನ್ನು ಮಾತ್ರ ಒಂದು ಚೂರೂ ಉಳಿಯದಂತೆ ತೆಗೆಯಿರಿ. ಜನ ದೂರುವ ಕೆಸರು ವಾಸನೆ ಬಹುಪಾಲು ಆ ಕೊಬ್ಬಿನದು. ತೆಳ್ಳನೆಯ ಬಿಳಿ ಪೊರೆಯನ್ನೂ ಚಾಕುವಿನ ತುದಿಯಿಂದ ಎಬ್ಬಿಸಿ ಎಳೆದು ತೆಗೆಯಿರಿ, ಇಲ್ಲದಿದ್ದರೆ ಎಣ್ಣೆಗೆ ಬಿದ್ದೊಡನೆ ತುಂಡು ಮುದುಡಿಕೊಳ್ಳುತ್ತದೆ. ಎಳೆಗಳಿಗೆ ಅಡ್ಡವಾಗಿ, ಒಂದು ತುತ್ತಿಗಾಗುವಷ್ಟು ಕತ್ತರಿಸಿ.

ಇಲ್ಲಿ 1962ರಲ್ಲಿ ಅಲಿಗೇಟರ್ ಬೇಟೆ ನಿಲ್ಲಿಸಿ, ಸಂತತಿ ಚೇತರಿಸಿಕೊಂಡ ಮೇಲೆ 1972ರಲ್ಲಿ ಕ್ಯಾಮರಾನ್ ಪ್ಯಾರಿಷ್‌ನಿಂದ (ಇಲ್ಲಿ ಜಿಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ) ಮತ್ತೆ ಶುರು ಮಾಡಿದರು. ಈಗ ಸಾಕಣೆ ಕೇಂದ್ರಗಳೂ ಇವೆ, ಹಾಗಾಗಿ ಮಾಂಸ ಫ್ರೀಜರಿನಲ್ಲಿ ರಾಜಾರೋಷವಾಗಿ ಸಿಗುತ್ತದೆ. ಊರಿನಲ್ಲಿರುವವರು ಇದನ್ನು ಓದಿ ಪ್ರಯೋಗಕ್ಕೆ ಇಳಿಯುವಂತಿಲ್ಲ. ರಂಗನತಿಟ್ಟಿನಲ್ಲಿ ನಾವು ನೋಡುವ ಮೊಸಳೆಗೆ ವನ್ಯಜೀವಿ ಕಾಯ್ದೆಯ ಪೂರ್ಣ ರಕ್ಷಣೆಯಿದೆ, ಇರಲೇಬೇಕು.

ಬಟರ್‌ಮಿಲ್ಕಿನ ದಾರಿ ನಿಧಾನದ್ದು. ಇಲ್ಲಿ ಡಬ್ಬಿಯಲ್ಲಿ ಸಿಗುವುದು ಗಟ್ಟಿಯಾಗಿ, ಹುಳಿಯಾಗಿ ಇರುತ್ತದೆ. ಫ್ರಿಜ್‌ನಲ್ಲಿ ಎರಡು-ಮೂರು ಗಂಟೆ ನೆನೆದರೆ ಮಾಂಸ ಸಡಿಲವಾಗುತ್ತದೆ. ಆಮೇಲೆ ಉಪ್ಪು, ಕಾಳುಮೆಣಸಿನ ಪುಡಿ, ಖಾರದ ಪುಡಿ, ಬೆಳ್ಳುಳ್ಳಿ ಪುಡಿ ಬೆರೆಸಿದ ಮೈದಾ. ಹೊರಪದರ ದಪ್ಪಗೆ, ಉಬ್ಬುತಗ್ಗಾಗಿ ಹೊಂಬಣ್ಣಕ್ಕೆ ತಿರುಗುತ್ತದೆ, ನೋಡಲು ಬಲು ಚೆಂದ. ಆದರೆ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೆತ್ತಗಾಗುತ್ತದೆ, ಬಾಯಿಗೆ ಮೊದಲು ಸಿಗುವುದೂ ಹಿಟ್ಟೇ. ಬಾಲದ ನವಿರು ರುಚಿ ಅದರಡಿ ಮುಚ್ಚಿಹೋಗುತ್ತದೆ.

ಸಾಸಿವೆಯ ದಾರಿಗೆ ಕಾಯುವ ಕೆಲಸವಿಲ್ಲ. ಹಾಟ್‌ಡಾಗ್‌ಗೆ ಹಾಕುವ ಅದೇ ಹಳದಿ ಪೇಸ್ಟಿಗೆ ನಾಲ್ಕು ಹನಿ ಟಬಾಸ್ಕೊ ಖಾರದ ಸಾಸ್ ಸೇರಿಸಿ ತೆಳ್ಳಗೆ ಸವರಿದರೆ ಸಾಕು, ಹಿಟ್ಟು ತಾನಾಗಿ ಕಚ್ಚಿಕೊಳ್ಳುತ್ತದೆ. ಸಾಸಿವೆಯ ಘಾಟು ಎಣ್ಣೆಯಲ್ಲಿ ಹೋಗಿಬಿಡುತ್ತದೆ, ಹುಳಿಯ ಎಳೆ ಮಾತ್ರ ಉಳಿಯುತ್ತದೆ. ಹಿಟ್ಟಿಗೆ ನ್ಯೂ ಆರ್ಲಿಯನ್ಸ್‌ನ ಝಾಟರೇನ್ಸ್ ಕಂಪನಿಯ ಫಿಷ್ ಫ್ರೈ ಮಿಶ್ರಣದ ಪ್ಯಾಕೆಟ್ ಸಾಕು. ಮನೆಯಲ್ಲೇ ಮಾಡುವುದಾದರೆ ನುಣ್ಣನೆಯ ಮೆಕ್ಕೆಜೋಳದ ಹಿಟ್ಟಿಗೆ ಸ್ವಲ್ಪ ತರಿ ಬೆರೆಸಿ. ಬರೀ ತರಿ ಹಾಕಿದರೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಪದರ ತೆಳ್ಳಗೆ, ಗರಿಗರಿಯಾಗಿ ನಿಲ್ಲುತ್ತದೆ, ಆರಿದ ಮೇಲೂ ಹೋಗುವುದಿಲ್ಲ. ಮಾಂಸದ ರುಚಿ ನೇರ ನಾಲಿಗೆಗೆ ಬರುತ್ತದೆ.

ನಮ್ಮ ಕಬಾಬ್ ಪುಡಿ, ಮೊಟ್ಟೆ, ಕರಿಬೇವು ಹಾಕಿಯೂ ಒಂದು ಬಾಣಲೆ ಕರಿದೆ. ಮಕ್ಕಳು ಮುಗಿಬಿದ್ದು ತಿಂದರು. ಆದರೆ ಆ ಮಸಾಲೆಯೊಳಗೆ ಕೋಳಿಯಿದ್ದರೂ ಒಂದೇ, ಅಲಿಗೇಟರ್ ಇದ್ದರೂ ಒಂದೇ. ಇಷ್ಟು ದುಡ್ಡು ಕೊಟ್ಟು ತಂದ ಮಾಂಸಕ್ಕೆ ಅದು ನ್ಯಾಯವಲ್ಲ.

ಕರಿಯುವ ಹದ ಮೂರಕ್ಕೂ ಒಂದೇ. ಕಡಲೆಕಾಯಿ ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಒಂದು ಸಲಕ್ಕೆ ಕೆಲವೇ ತುಂಡು. ಎರಡು-ಮೂರು ನಿಮಿಷದಲ್ಲಿ ತೇಲಿ ಮೇಲೆ ಬರುತ್ತವೆ. ಥರ್ಮಾಮೀಟರ್ ಚುಚ್ಚಿ ಒಳಗೆ 74 ಡಿಗ್ರಿ ಆಗಿದೆಯೇ ನೋಡಿ. ಸರೀಸೃಪದ ಮಾಂಸದಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅರೆಬೆಂದದ್ದು ಬೇಡ. ಅದಕ್ಕಿಂತ ಜಾಸ್ತಿ ಬಿಟ್ಟರೂ ಕಷ್ಟ: ಕೊಬ್ಬಿಲ್ಲದ ಮಾಂಸ ರಬ್ಬರಾಗಲು ಒಂದು ನಿಮಿಷ ಸಾಕು.

ಬಾಲದ ಮಾಂಸ ಸಿಕ್ಕರೆ ನನ್ನ ಓಟು ಕಣ್ಣುಮುಚ್ಚಿ ಸಾಸಿವೆಗೆ. ಕಾಲಿನದೇ ಸಿಕ್ಕಿದ್ದರೆ ಕುಟ್ಟಿ ಚಪ್ಪಟೆ ಮಾಡಿ, ಬಟರ್‌ಮಿಲ್ಕಿನಲ್ಲಿ ನೆನೆಸಿ ಮೈದಾ ದಾರಿಯೇ ಹಿಡಿಯಿರಿ, ಆ ನಾರು ಸಾಸಿವೆಗೆ ಬಗ್ಗುವುದಿಲ್ಲ. ನಂಚಿಕೊಳ್ಳಲು ರೆಮುಲಾಡ್ (ಮೇಯನೇಸ್‌ಗೆ ಸಾಸಿವೆ, ಮಸಾಲೆ ಬೆರೆಸಿದ) ಸಾಸನ್ನು ಹಿಂದಿನ ರಾತ್ರಿಯೇ ಕಲಸಿಟ್ಟರೆ ಖಾರ, ಹುಳಿ ಚೆನ್ನಾಗಿ ಹೊಂದಿಕೊಳ್ಳುತ್ತವೆ.