ಏರ್ ತೆಗೆದ್ರೂ ಬ್ರೇಕ್ ಪೆಡಲ್ ಮೆತ್ತಗೇ ಅದ ಅಂದ್ರ ಗಾಡಿ ಗ್ಯಾರೇಜಿನಿಂದ ಹೊರಗ ತರಬ್ಯಾಡ್ರಿ

ಕಲಬುರಗಿ ರಿಂಗ್ ರೋಡ್ ಕಡಿ ಒಂದು ಗ್ಯಾರೇಜಿನಾಗ (ಹೆಸರು ಬ್ಯಾಡ, ಜಗಳ ನನಗ ಬೇಕಾಗಿಲ್ಲ) ನಮ್ ಕಾರಿನ ಮುಂದಿನ ಎರಡೂ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗಿ ಒತ್ತೋ ಭಾಗ) ಬಿಚ್ಚಿ, ಸೀಲ್ ಕಿಟ್ ಹಾಕಿ, ಹೊಸ ಪ್ಯಾಡ್ ಕೂಡ್ಸಿದ್ರು. ಪೈಪ್ ಬಿಚ್ಚಿದ ಮ್ಯಾಗ ಲೈನಿನಾಗ ಏರ್ ಹೋಗೇ ಹೋಗ್ತದ, ಅದನ್ನ ತೆಗೀಬೇಕು. ಹುಡುಗ ಒಳಗ ಕೂತು ಪೆಡಲ್ ಒತ್ತೋದು, ಮಿಸ್ತ್ರಿ ಕೆಳಗ ಕ್ಯಾಲಿಪರಿನ ನಿಪ್ಪಲ್ (ಏರ್ ಬಿಡೋ ಸ್ಕ್ರೂ) ಸಡ್ಲ ಮಾಡೋದು, ಬ್ರೇಕ್ ಆಯಿಲ್ ಚಿಮ್ಮೋದು, ಮತ್ತ ಟೈಟ್ ಮಾಡೋದು, ಬಾಟ್ಲಿ ಖಾಲಿ ಆಗೋತನ ಇದೇ ನಡೀತು, ಆದ್ರೂ ಪೆಡಲ್ ಸ್ಪಂಜ್ ತುಳಿದಂಗ. ಕೇಳಿದ್ರ "ಸಾಹೇಬ್ರ, ಹೊಸಾ ಪ್ಯಾಡ್ ಅವರೀ, ಓಡಿಸ್ಕೋತ ಹೋದ್ರ ತಾನೇ ಸೆಟ್ ಆಗ್ತದ" ಅಂದ.

ಈ ಮಾತು ಯಾರು ಹೇಳಿದ್ರೂ ನಂಬಬ್ಯಾಡ್ರಿ. ಹೊಸ ಪ್ಯಾಡ್ ಡಿಸ್ಕಿಗಿ ಹೊಂದ್ಲಕ್ಕ ಸ್ವಲ್ಪ ಓಡಬೇಕು ಖರೇ, ಅಲ್ಲಿತನ ಬ್ರೇಕ್ ಕಡಿಮಿ ಹಿಡೀಬಹುದು, ಆದ್ರ ಪೆಡಲ್ ಮೆತ್ತಗ ಕೆಳಗಿಳಿದು, ಪಂಪ್ ಹೊಡದ್ರ ಮ್ಯಾಗ ಬರೋದು ಹೆಚ್ಚಾಗಿ ಏರಿಂದೇ ಕೆಲಸ. ಆಯಿಲ್ ಒತ್ತಿದ್ರ ಕುಗ್ಗಂಗಿಲ್ಲ, ಗಾಳಿ ಕುಗ್ತದ, ನಿಮ್ ಕಾಲಿನ ಜೋರೆಲ್ಲಾ ಅದರಾಗೇ ಹೋಗ್ತದ.

ನಾ ನಂಬಿ ಗಾಡಿ ಹೊರಗ ತಂದಿದ್ದೆ. ಹುಮನಾಬಾದ್ ರೋಡಿನಾಗ ಕಮಲಾಪುರ ದಾಟಿದ ಮ್ಯಾಗ ಟ್ರ್ಯಾಕ್ಟರ್ ಅಡ್ಡ ಬಂತು, ತುಳಿದೆ, ಪೆಡಲ್ ಸೀದಾ ಮ್ಯಾಟಿಗಿ ಹತ್ತಿತು. ಪಟಪಟ ಪಂಪ್ ಹೊಡದು, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳದು ಹೊಲದ ಬದಿಗಿ ನಿಂದ್ರಿಸಿದೆ. ಹಿಂದ ಕೂತಿದ್ದ ಅವ್ವ ಈಗೂ ಆ ಕಾರ್ ಹತ್ಲಕ್ಕ ಒಲ್ಲೆ ಅಂತಾಳ.

ಟೋ ಮಾಡ್ಸಿ ಹುಮನಾಬಾದಿನ ಒಬ್ಬ ವಯಸ್ಸಾದ ಚಾಚಾನ ಬಲ್ಲಿ ಒಯ್ದೆ. ಗಾಲಿ ತೆಗೆದು ಕ್ಯಾಲಿಪರ್ ಹಿಂದ ಬೆರಳಾಡ್ಸಿ "ಅರೆ ಬೇಟಾ, ನಿಪ್ಪಲ್ ತಳಗ ಅದಲ್ಲಾ" ಅಂತ ನಕ್ರು. ಎಡದ್ದು ಬಲಕ್ಕ, ಬಲದ್ದು ಎಡಕ್ಕ ಕೂಡ್ಸ್ಯಾರ! ಗಾಳಿ ಯಾವಾಗ್ಲೂ ಮ್ಯಾಗ ಏರ್ತದ, ನಿಪ್ಪಲ್ ಕೆಳಗಿದ್ರ ಬರೀ ಆಯಿಲ್ ಹೊರಗ ಬರ್ತದ, ಗುಳ್ಳಿ ಕ್ಯಾಲಿಪರಿನ ತಲಿಮ್ಯಾಗೇ ಕೂತಿರ್ತದ, ಎಷ್ಟು ಬಾಟ್ಲಿ ಸುರಿದ್ರೂ ಅಷ್ಟೇ. ಎಲ್ಲಾ ಗಾಡಿಗಿ ಹಿಂಗ ಅದಲಿ ಬದಲಿ ಕೂಡಂಗಿಲ್ಲ, ನಂದಕ್ಕ ಕೂಡ್ತು.

ಚಾಚಾ ತಿರುಗಿ ಸರಿ ಕೂಡ್ಸಿ, ನಿಪ್ಪಲ್ಲಿಗಿ ಒಳಗಿಂದು ಕಾಣೋ ಪೈಪ್ ಸಿಗಿಸಿ ತುದಿ ಆಯಿಲ್ ಇದ್ದ ಬಾಟ್ಲಿನಾಗ ಮುಳುಗಿಸಿದ್ರು. ಮೊದ್ಲ ದೊಡ್ಡ ದೊಡ್ಡ ಗುಳ್ಳಿ, ಆಮ್ಯಾಗ ನೊರಿ, ಆಮ್ಯಾಗ ಬರೀ ಆಯಿಲ್. ಪೆಡಲ್ ಒತ್ತಿ ಹಿಡದಾಗೇ ನಿಪ್ಪಲ್ ಬಿಡಬೇಕು, ಟೈಟ್ ಮಾಡಿದ ಮ್ಯಾಗೇ ಕಾಲು ತೆಗೀಬೇಕು, ಇಲ್ಲಾಂದ್ರ ವಾಪಸ್ ಗಾಳಿ ಎಳೀತದ. ಮ್ಯಾಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿ ಆಗಗೊಡಬಾರ್ದು. ಭಾಳ ಕಾರಿನಾಗ ಕ್ಲಚ್ಚಿಗೂ ಅದೇ ಡಬ್ಬಿ, ರಿವರ್ಸ್ ಗೇರ್ ಕರಕರ ಅಂದ್ರ ಆ ಲೈನೂ ನೋಡಸ್ರಿ. ಎಬಿಎಸ್ (ಜೋರ್ ಬ್ರೇಕ್ ಹೊಡದ್ರ ಗಾಲಿ ಜಾಮ್ ಆಗದಂಗ ನೋಡೋದು) ಯುನಿಟ್ಟಿನೊಳಗ ಏರ್ ಹೊಕ್ಕಿದ್ರ ಕೆಲವು ಗಾಡಿಗಿ ಸ್ಕ್ಯಾನರ್ (ಗಾಡಿಗಿ ಹಚ್ಚೋ ಕಂಪ್ಯೂಟರ್ ಮಷೀನ್) ಹಚ್ಚೇ ತೆಗೀಬೇಕಾಗ್ತದ.

ಇನ್ನ ಗ್ಯಾರೇಜಿನಾಗ ಎಂದೋ ಮುಚ್ಚಳ ತೆಗೆದಿಟ್ಟ ಬಾಟ್ಲಿ ಆಯಿಲ್ ಹಾಕಿಸ್ಕೋಬ್ಯಾಡ್ರಿ, ಅದು ಗಾಳಿಯಾಗಿನ ನೀರು ಹೀರ್ತದ. ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಹೊಸಾದಿದ್ರ 230 ಡಿಗ್ರಿತನ ಕುದಿಯಂಗಿಲ್ಲ, ನೀರು ಹೀರಿದ್ರ 155ರ ಸುತ್ತಮುತ್ತೇ ಕುದೀತದ, ಕುದ್ರ ಗುಳ್ಳಿ ಆಗಿ ಪೆಡಲ್ ಮತ್ತ ಮೆತ್ತಗ.

ರೊಕ್ಕ ಕೊಡೋಕಿಂತ ಮೊದ್ಲ ಇಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡೀರಿ, ಮೆತ್ತಗಿದ್ರ ಮೊಬೈಲ್ ಟಾರ್ಚ್ ಹಚ್ಚಿ ನಿಪ್ಪಲ್ ಮ್ಯಾಗದನೋ ಕೆಳಗದನೋ ನೀವೇ ಬಗ್ಗಿ ನೋಡ್ರಿ, ಮಿಸ್ತ್ರಿ ಮುಖ ಗಂಟು ಹಾಕ್ಕೊಂಡ್ರ ಹಾಕ್ಕೋಲಿ.